ಉಸುಕು ತೆಗೆದರೆ ಹೊಳೆ ಇಳಿಯುತ್ತದಾ? ಒಬ್ಬ ಮೋಟಾರ್ ರಿಪೇರಿಯವನ ಲೆಕ್ಕ

ಹೊಳೆ ಬಂದು ಹೋದ ಮೇಲೆ ನಮ್ಮ ಕಡೆ ಪ್ರತಿ ಸಲ ಒಂದು ಮಾತು ಹುಟ್ಟುತ್ತದೆ. “ಹೊಳ್ಯಾಗ ಉಸುಕು ತುಂಬಿ ತಳ ಮ್ಯಾಲೆದ್ದೈತಿ. ಅದಕ್ಕ ನೀರು ಹೊಲಕ್ಕ ನುಗ್ಗತೈತಿ. ಉಸುಕು ಎತ್ತಿದ್ರ ಹೊಳಿ ಇಳೀತೈತಿ, ಊರು ಉಳೀತೈತಿ, ನಾಕು ಮಂದಿಗೆ ಕೆಲಸಾನೂ ಸಿಗತೈತಿ.” ಚಹದಂಗಡಿಯಲ್ಲಿ ಹೇಳುವವರಿದ್ದಾರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳುವವರೂ ಇದ್ದಾರೆ. ಕೇಳಲಿಕ್ಕೆ ಸರಿಯಾಗಿಯೇ ಇದೆ. ಕೊಡದಲ್ಲಿ ಉಸುಕು ತುಂಬಿದ್ದರೆ ನೀರು ಕಡಿಮೆ ಹಿಡಿಯುತ್ತದೆ, ಇದನ್ನು ಯಾರು ಒಪ್ಪುವುದಿಲ್ಲ? ಆದರೆ ಹೊಳೆ ಕೊಡವಲ್ಲ. ಮೇಲೊಂದು ಬಾಯಿ ತೆರೆದಿದೆ, ಕೆಳಗೊಂದು ಬಾಯಿ ತೆರೆದಿದೆ. ಅಲ್ಲೇ ಲೆಕ್ಕ ತಪ್ಪುತ್ತದೆ.

ನನ್ನದು ಮಾನ್ವಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಓದಿದ್ದು ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡ್. ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ತುಂಗಭದ್ರೆಯ ದಂಡೆಯ ಊರಿನವರು. ಈ ದಂಡೆ ನಮ್ಮದು, ಎದುರಿನ ದಂಡೆ ಆಂಧ್ರದ್ದು. ಮೋಟಾರ್ ಸುಟ್ಟರೆ ಹೊತ್ತು ತರುತ್ತಾರೆ, ಪಂಪು ನೀರೆತ್ತದಿದ್ದರೆ ನನ್ನನ್ನೇ ಬೈಕಿನಲ್ಲಿ ಕೂರಿಸಿಕೊಂಡು ಹೊಳೆಗೆ ಕರೆದೊಯ್ಯುತ್ತಾರೆ. ಹೀಗಾಗಿ ಹೊಳೆಯ ತಳ ಏರಿದೆಯೋ ಇಳಿದಿದೆಯೋ ಎಂಬುದು ನನಗೆ ಭಾಷಣದಿಂದ ತಿಳಿಯಬೇಕಾಗಿಲ್ಲ. ಗಿರಾಕಿ ಎಷ್ಟು ಅಡಿ ಸಕ್ಷನ್ ಪೈಪ್ ಕೇಳುತ್ತಾನೆ ಅನ್ನುವುದರಲ್ಲೇ ತಿಳಿಯುತ್ತದೆ.

ದಂಡೆಯ ಪಂಪ್‌ಸೆಟ್ ಬಹಳ ಸರಳ ಯಂತ್ರ. ಒಂದು ಮೊನೊಬ್ಲಾಕ್, ಅಂದರೆ ಮೋಟಾರು ಪಂಪು ಒಂದೇ ಮೈಯಲ್ಲಿ ಇರುವುದು; ಅದರಿಂದ ನೀರಿಗೆ ಇಳಿದ ಸಕ್ಷನ್ ಪೈಪ್; ಪೈಪಿನ ತುದಿಗೆ, ನೀರು ವಾಪಸ್ ಇಳಿಯದಂತೆ ತಡೆಯುವ, ಜಾಲರಿ ಇರುವ ಫುಟ್‌ವಾಲ್. ಪಂಪು ನೀರನ್ನು ಎಳೆಯುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಸಲಿಗೆ ಅದು ಪೈಪಿನೊಳಗೆ ಒತ್ತಡ ತಗ್ಗಿಸುತ್ತದೆ ಅಷ್ಟೆ. ನೀರನ್ನು ಮೇಲಕ್ಕೆ ದಬ್ಬುವುದು ಹೊರಗಿನ ಗಾಳಿ. ಆ ಗಾಳಿಗೆ ಇರುವ ತಾಕತ್ತು ಪುಸ್ತಕದ ಲೆಕ್ಕದಲ್ಲಿ 34 ಅಡಿ. ಪೈಪಿನ ತಿಕ್ಕಾಟ, ಬೆಂಡು, ಫುಟ್‌ವಾಲ್‌ನ ತಡೆ ಎಲ್ಲ ಕಳೆದರೆ ಹೊಲದಲ್ಲಿ ಕೈಗೆ ಸಿಗುವುದು 20–22 ಅಡಿ. ನೀರು ಅದಕ್ಕಿಂತ ಕೆಳಗಿಳಿದರೆ 5 ಎಚ್‌ಪಿ ತೆಗೆದು 10 ಎಚ್‌ಪಿ ಕೂರಿಸಿದರೂ ಹನಿ ನೀರು ಹೆಚ್ಚು ಬರುವುದಿಲ್ಲ. ಇದನ್ನು ರೈತರಿಗೆ ಒಪ್ಪಿಸುವುದೇ ನನ್ನ ಕೆಲಸದ ಅರ್ಧ ಭಾಗ.

ಆ ಗಡಿಯ ಹತ್ತಿರ ಬಂದ ಪಂಪು ಮೊದಲು ಗರಗರ ಸದ್ದು ಮಾಡುತ್ತದೆ. “ಪಂಪ್‌ನ್ಯಾಗ ಹಳ್ಳು ಸಿಕ್ಕಾವ ನೋಡ್ರೀ” ಅಂತ ತರುತ್ತಾರೆ. ಬಿಚ್ಚಿದರೆ ಒಂದು ಹಳ್ಳೂ, ಅಂದರೆ ಸಣ್ಣ ಕಲ್ಲೂ, ಇರುವುದಿಲ್ಲ. ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರಿನ ರೆಕ್ಕೆ ಬುಡದಲ್ಲಿ ಸಣ್ಣ ಸಣ್ಣ ತೂತು ಬಿದ್ದು ಲೋಹ ಜಾಲರಿಯಾಗಿರುತ್ತದೆ. ಒತ್ತಡ ತೀರ ಇಳಿದಾಗ ನೀರಿನಲ್ಲೇ ಗುಳ್ಳೆ ಎದ್ದು, ಆ ಗುಳ್ಳೆ ಲೋಹದ ಮೈಮೇಲೆ ಒಡೆದು ಮಾಡಿದ ಗಾಯ ಅದು. ನಾನು ಅಂಗಡಿ ತೆಗೆದ ಕಾಲದಲ್ಲಿ ಇಂಥ ಇಂಪೆಲ್ಲರ್ ಬೋರ್‌ವೆಲ್ ಕಡೆಯಿಂದ ಅಪರೂಪಕ್ಕೆ ಬರುತ್ತಿತ್ತು. ಹೊಳೆ ದಂಡೆಯಿಂದ ಬರುತ್ತಿರಲಿಲ್ಲ. ಈಗ ಬೇಸಿಗೆ ಬಂತೆಂದರೆ ದಂಡೆಯವರದೇ ಜಾಸ್ತಿ.

ರೈತ ಏನು ಮಾಡಬೇಕು? ನೀರು ಕೆಳಗೆ ಹೋದರೆ ಮೋಟಾರನ್ನೂ ಕೆಳಗೆ ಒಯ್ಯಬೇಕು. ದಂಡೆಯಲ್ಲಿ ಮೆಟ್ಟಿಲು ಕಡಿದು, ಇನ್ನೊಂದು ಕಟ್ಟೆ ಕಟ್ಟಿ, ಮೋಟಾರು, ಸ್ಟಾರ್ಟರ್, ಕೇಬಲ್ಲು ಎಲ್ಲ ಇಳಿಸಬೇಕು. ಒಂದು ಹೊಲದಲ್ಲಿ ಹೀಗೆ ಮೂರು ಕಟ್ಟೆ ಒಂದರ ಕೆಳಗೊಂದು ನಿಂತಿವೆ. ಮೇಲಿನದು ಅಪ್ಪ ಕಟ್ಟಿಸಿದ್ದು, ನಡುವಿನದು ಅಣ್ಣ, ಕೆಳಗಿನದು ತಮ್ಮ. ಮೇಲಿನ ಕಟ್ಟೆಯ ಮೇಲೆ ಈಗ ಕುರಿ ಮಲಗುತ್ತವೆ. ಆ ಮೂರು ಕಟ್ಟೆಗಳ ನಡುವೆ ಹೊಳೆಯ ನೀರು ಕಡಿಮೆ ಬಿಟ್ಟಿದ್ದರ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಡ್ಯಾಂನಿಂದ ನೀರು ಬಿಟ್ಟ ಬೇಸಿಗೆಯಲ್ಲೂ ಫುಟ್‌ವಾಲ್ ಹಳೆಯ ಜಾಗಕ್ಕೆ ಮೇಲೇರುತ್ತಿಲ್ಲ. ಏಕೆಂದರೆ ಅದು ಕೂರುತ್ತಿದ್ದ ಉಸುಕಿನ ದಿಬ್ಬವೇ ಅಲ್ಲಿಲ್ಲ. ತಳ ಏರಿದ್ದರೆ ಫುಟ್‌ವಾಲ್ ಹೂತು ಹೋಗಬೇಕಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಂಗೆ ಒಟ್ಟು 33 ಗೇಟು. ಒಂದೇ ಗೇಟಿನ ಮೇಲೆ ಭಾರ ಬೀಳಬಾರದೆಂದು ಉಳಿದವನ್ನೂ ತೆರೆದರು; ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರು ಹೊಳೆಗೆ ಬಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ಅಡ್ಡ ತುಂಡುಗಳನ್ನು ಇಳಿಸಿ ಒಂದು ವಾರದೊಳಗೆ ಆ ಬಾಯಿ ಮುಚ್ಚಿತು, ಅದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ಟಿವಿಯಲ್ಲಿ ಬರದ ಸಂಗತಿ ನನ್ನ ಅಂಗಡಿ ಮುಂದೆ ಇತ್ತು: ಕೆಳಗಿನ ಕಟ್ಟೆಯಿಂದ ಕೀಳಲು ಪುರುಸೊತ್ತು ಸಿಗದೆ ಮುಳುಗಿದ ಮೋಟಾರುಗಳು, ರಸ್ತೆಯವರೆಗೆ ಸಾಲು. ಮೇಲಿನ ಕಟ್ಟೆಯಲ್ಲೇ ಇದ್ದಿದ್ದರೆ ಅವುಗಳಲ್ಲಿ ಬಹಳಷ್ಟು ಒದ್ದೆಯೂ ಆಗುತ್ತಿರಲಿಲ್ಲ.

ಮುಳುಗಿದ ಮೋಟಾರನ್ನು ಬಿಚ್ಚಿದರೆ ಮೊದಲು ಬರುವುದು ವಾಸನೆ, ಕೊಳೆತ ಎಲೆಯದು. ಆಮೇಲೆ ಮೋಟಾರಿನ ತಿರುಗದ ಭಾಗವಾದ ಸ್ಟೇಟರಿನ ಸ್ಲಾಟುಗಳಲ್ಲಿ, ಕಾಯಿಲಿನ ಸಂದಿಯಲ್ಲಿ, ಬೇರಿಂಗಿನ ಗ್ರೀಸಿನಲ್ಲಿ ಕೂತ ಕೆಸರು. ಬೆರಳಿಗೆ ತಿಕ್ಕಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಎಷ್ಟು ಮೋಟಾರ್ ತೊಳೆದರೂ ಕೆಳಗಿನ ಬುಟ್ಟಿಯಲ್ಲಿ ಒಂದು ಹಿಡಿ ಉಸುಕು ಕೂಡಲಿಲ್ಲ. ಬಿಸಿಲಿಗಿಟ್ಟು, ಬಲ್ಬು ಹಾಕಿ ಒಣಗಿಸಿ, ಕರೆಂಟು ಸೋರುತ್ತದೋ ಅಂತ ಮೆಗ್ಗರ್ ಮೀಟರ್ ಹಿಡಿದು ನೋಡಿ, ಉಳಿದಿದ್ದಕ್ಕೆ ವಾರ್ನಿಷ್ ಹೊಡೆದೆ; ಉಳಿಯದ್ದಕ್ಕೆ ತಂತಿ ಕಿತ್ತು ಹೊಸ ಕಾಯಿಲ್ ಕಟ್ಟಿದೆ. ಆ ಕೆಲಸದ ನಡುವೆಯೇ ಈ ವಿಷಯ ತಲೆಗೆ ಹತ್ತಿದ್ದು. ಒಂದು ಲಕ್ಷ ಕ್ಯೂಸೆಕ್ ನೀರು ಬಂದು ಹೋಗಿದೆ. ತಂದಿದ್ದೆಲ್ಲ ಕೆಸರು. ಹಾಗಾದರೆ ಹೊಳೆಯಲ್ಲಿ ತುಂಬುತ್ತಿದೆ ಅನ್ನುವ ಉಸುಕು ಎಲ್ಲಿಂದ ಬರಬೇಕು?

ಉಸುಕು, ಹಳ್ಳು ಮಲೆನಾಡಿನಿಂದ ಹೊರಟು ಬಂದರೂ ಡ್ಯಾಂನ ಹಿನ್ನೀರು ಶುರುವಾಗುವ ಕಡೆಯೇ ಕೂತುಬಿಡುತ್ತವೆ. ನೀರಿನ ಓಟ ಅಲ್ಲಿ ನಿಲ್ಲುತ್ತದಲ್ಲ, ಭಾರವಾದದ್ದು ಮೊದಲು ಬೀಳುತ್ತದೆ. ನುಣುಪು ಕೆಸರು ಒಳಗೆ ಹರಡುತ್ತದೆ, ಸ್ವಲ್ಪ ಗೇಟು ದಾಟುತ್ತದೆ. 1953ರಲ್ಲಿ ಕಟ್ಟಿ ಮುಗಿಸಿದಾಗ ಡ್ಯಾಂ 133 ಟಿಎಂಸಿ ಹಿಡಿಯುತ್ತಿತ್ತು. ಈಗ 105 ಚಿಲ್ಲರೆ. ಕಡಿಮೆಯಾದ ಜಾಗವನ್ನು ನಮ್ಮ ಉಸುಕಿನ ವ್ಯಾಪಾರದ ಅಳತೆಯಲ್ಲಿ ನೋಡೋಣ. ಒಂದು ಬ್ರಾಸ್ ಅಂದರೆ 100 ಘನಅಡಿ, ಟ್ರ್ಯಾಕ್ಟರ್ ಟ್ರೇಲರ್ ಒಂದು ಲೋಡು ಹೆಚ್ಚುಕಡಿಮೆ ಅಷ್ಟೇ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನಅಡಿ, ಅಂದರೆ ಒಂದು ಕೋಟಿ ಬ್ರಾಸ್. ಡ್ಯಾಂನಲ್ಲಿ ಕೂತಿರುವುದು 27 ಕೋಟಿ ಬ್ರಾಸಿಗೂ ಹೆಚ್ಚು. ಅದು ತುಂಬಿದ್ದಕ್ಕೇ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ, ಡ್ಯಾಂನಲ್ಲಿ ಹಿಡಿಯದ ನೀರನ್ನು ತುಂಬಿಕೊಳ್ಳಲು, ಸಮತೋಲನ ಜಲಾಶಯ ಬೇಕು ಅನ್ನುವ ಮಾತು ವರ್ಷಗಳಿಂದ ನಡೆದಿದೆ. ಮೇಲೆ ಹೂಳು ಹೆಚ್ಚಾಗಿ ತಲೆನೋವು, ಕೆಳಗೆ ಉಸುಕು ಕಡಿಮೆಯಾಗಿ ತಲೆನೋವು. ಹೊಳೆ ಒಂದೇ.

ಡ್ಯಾಂ ಕೆಳಗೆ ನಮಗೆ ಹೊಸ ಉಸುಕು ತರಬೇಕಾದದ್ದು ಹಗರಿ, ಮಸ್ಕಿ ಹಳ್ಳ ಮತ್ತೆ ಸಣ್ಣಪುಟ್ಟ ಹಳ್ಳಗಳು. ಬಳ್ಳಾರಿ ಕಡೆ ಹಗರಿಯ ಉಸುಕು ಗಾಳಿಗೆ ಹಾರಿ ಹೊಲ ಮುಚ್ಚುತ್ತಿತ್ತು ಅಂತ ಹಳಬರು ಹೇಳುತ್ತಾರೆ. ಆ ಹಗರಿಯೂ ಮೇಲೆ ಹಿರಿಯೂರಿನ ಹತ್ತಿರ ವಾಣಿ ವಿಲಾಸ ಸಾಗರದಲ್ಲಿ ತಡೆದೇ ಬರುವುದು. ಬರುವ ಲೆಕ್ಕ ಇಷ್ಟು ಸಣ್ಣದಿದ್ದು, ಹೋಗುವ ಲೆಕ್ಕಕ್ಕೆ ಟಿಪ್ಪರ್ ನಿಂತರೆ ಬಾಕಿ ಏನು ಉಳಿಯುತ್ತದೆ?

ಈಗ ಪ್ರವಾಹದ ಲೆಕ್ಕಕ್ಕೆ ಬರುತ್ತೇನೆ. ಇದನ್ನು ಯಾರು ಬೇಕಾದರೂ ಅಂಗಡಿ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನಅಡಿ ನೀರು. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನಅಡಿ, ಅಂದರೆ ಸಾವಿರ ಬ್ರಾಸ್. ಪ್ರತಿ ಸೆಕೆಂಡಿಗೆ ಸಾವಿರ ಟ್ರ್ಯಾಕ್ಟರ್ ಲೋಡು ನೀರು! ನಮ್ಮೂರ ಮುಂದಿನ ಹೊಳೆಯಿಂದ ಒಂದು ಲಕ್ಷ ಟ್ರ್ಯಾಕ್ಟರ್ ಉಸುಕು ತೆಗೆದೆವು ಅಂತ ಇಟ್ಟುಕೊಳ್ಳಿ. ಆ ಗುಂಡಿಗಳೆಲ್ಲ ಸೇರಿ ಹಿಡಿಯುವ ನೀರು ಆ ಪ್ರವಾಹದ ನೂರು ಸೆಕೆಂಡಿನ ಪಾಲು. ಎರಡು ನಿಮಿಷ ಕೂಡ ಆಗಲಿಲ್ಲ. ಮೂರನೇ ನಿಮಿಷಕ್ಕೆ ಪ್ರವಾಹ ಮೊದಲಿನಂತೆಯೇ ಇದೆ. ಅದೂ ಗುಂಡಿಗಳು ಮೊದಲು ಬತ್ತಿದ್ದರೆ! ಮಳೆಗಾಲದಲ್ಲಿ ಅವು ತುಂಬಿಯೇ ಇರುತ್ತವೆ.

ಇಲ್ಲಿ ಒಬ್ಬ ಗೆಳೆಯ, ಸಿವಿಲ್ ಓದಿದವನು, ನನ್ನನ್ನು ಹಿಡಿದು ನಿಲ್ಲಿಸಿದ. “ಗುಂಡಿ ಹಿಡಿಯೋ ನೀರಿನ ಲೆಕ್ಕ ಸರಿ. ಆದ್ರ ತಳ ಇಳಿದ್ರ ಹರಿಯೋ ಜಾಗ ದೊಡ್ಡದಾಗತೈತಲ್ಲ?” ಅಂದ. ನ್ಯಾಯವಾದ ಪ್ರಶ್ನೆ. ಮೈಲಿಗಟ್ಟಲೆ ಉದ್ದಕ್ಕೆ, ದಂಡೆಯಿಂದ ದಂಡೆಗೆ, ಒಂದೇ ಸಮ ತಳ ಇಳಿಸಿದರೆ ನೀರಿನ ಮಟ್ಟ ಇಳಿಯುತ್ತದೆ, ಅನುಮಾನವಿಲ್ಲ. ಆದರೆ ಉಸುಕು ತೆಗೆಯುವವರು ಹಾಗೆ ತೆಗೆಯುವುದಿಲ್ಲ. ರಸ್ತೆಗೆ ಹತ್ತಿರ ಎಲ್ಲಿ ಒಳ್ಳೆಯ ಉಸುಕು ಇದೆಯೋ ಅಲ್ಲಿ ಗುಂಡಿ ಹೊಡೆಯುತ್ತಾರೆ. ಗುಂಡಿ ದಾಟಿ ಮುಂದೆ ಹೊಳೆಯ ತಳ ಹಳೆಯ ಎತ್ತರದಲ್ಲೇ ಇರುತ್ತದೆ, ನೀರು ಅದನ್ನು ಹತ್ತಿಯೇ ಹೋಗಬೇಕು. ಇನ್ನೊಂದು ಮಾತು, ತುಂಗಭದ್ರೆ ಬಂಡೆಗಳ ಹೊಳೆ. ಉಸುಕು ಎಷ್ಟೇ ತೆಗೆದರೂ ಅಡ್ಡ ಬಿದ್ದ ಬಂಡೆ ಇಳಿಯುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ರಾಜೋಳಿಬಂಡಾ ಅಣೆಕಟ್ಟು ಇದೆ, ಅದರ ತಲೆಯ ಎತ್ತರ ಎಷ್ಟೋ ಅದರ ಹಿಂದಿನ ನೀರಿನ ಮಟ್ಟವೂ ಅಷ್ಟರ ಮೇಲೆಯೇ. ಬಚ್ಚಲಿನ ತೂಬು ಎತ್ತರದಲ್ಲಿ ಇರುವಾಗ ಬಚ್ಚಲ ನೆಲ ಕೆತ್ತಿ ಏನು ಬಂತು? ಗೆಳೆಯ ನಕ್ಕು, ಚಹದ ರೊಕ್ಕ ತಾನೇ ಕೊಟ್ಟ.

ಗುಂಡಿ ಮಾಡುವ ಕೇಡು ಮಾತ್ರ ಬೇಗ ಕಾಣುತ್ತದೆ. ಗುಂಡಿಗೆ ಬೀಳುವ ನೀರು ಅಂಚನ್ನು ಕೊರೆಯುತ್ತ ಮೇಲ್ಮುಖವಾಗಿ ಹೋಗುತ್ತದೆ. ಇವತ್ತು ಇಲ್ಲಿ ತೆಗೆದಿದ್ದು ನಾಳೆ ಮೇಲಿನ ಊರಿನ ಸೇತುವೆಯ ಕಂಬದ ಬುಡಕ್ಕೆ ಬರುತ್ತದೆ. ದಂಡೆಯ ಹತ್ತಿರ, ಅದರಲ್ಲೂ ತಿರುವಿನ ಹೊರಮಗ್ಗುಲಿಗೆ ಗುಂಡಿ ಬಿದ್ದರೆ ಎರೆಭೂಮಿಯ ದಂಡೆ ಹೆಂಟೆ ಹೆಂಟೆಯಾಗಿ ಕಳಚಿ ನೀರಿಗೆ ಬೀಳುತ್ತದೆ. ಪ್ರವಾಹದಿಂದ ಊರು ಉಳಿಸುತ್ತೇವೆ ಅಂತ ಹೊರಟು ಹೊಲ ಕಳೆದುಕೊಂಡ ಹಾಗಾಯಿತು. ಬೇಸಿಗೆಯ ನಷ್ಟ ಬೇರೆ. ಉಸುಕಿನ ಕಾಳಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಒಂದು ಬ್ರಾಸ್ ತೊಯ್ದ ಉಸುಕಿನಲ್ಲಿ 25–30 ಘನಅಡಿ, ಅಂದರೆ 700–850 ಲೀಟರ್ ನೀರಿನ ಜಾಗ ಇರುತ್ತದೆ. ಬಿಸಿಲು ಮುಟ್ಟದ ಟ್ಯಾಂಕು ಅದು. ಮೊದಲೆಲ್ಲ ಏಪ್ರಿಲ್‌ನಲ್ಲೂ ಹೆಣ್ಣುಮಕ್ಕಳು ಮೊಣಕೈ ಆಳ ಒರತೆ ತೋಡಿ ಕೊಡ ತುಂಬುತ್ತಿದ್ದ ಜಾಗದಲ್ಲಿ ಈಗ ಬಂಡೆ ಬಿಸಿಲಿಗೆ ಕಾಯುತ್ತಿದೆ.

ಮೀನಿನ ವಿಷಯ ನನಗೆ ತಿಳಿಸಿದವರು ಅಂಬಿಗರ ಕಾಕಾ. ಹೆಸರು ಬರೀಬ್ಯಾಡ ಅಂದಿದ್ದಾರೆ. ಹರಿಗೋಲು ಈಗ ಫೈಬರಿನದು, ಬಲೆ ನೈಲಾನಿನದು, ಕಣ್ಣು ಮಾತ್ರ ಹಳೆಯವು. ಒಂದು ಸಂಜೆ ಪಂಪು ಏರ್ ಹಿಡಿದಿದೆ ಅಂತ ಹೋಗಿದ್ದವನನ್ನು ಕರೆದು, ಹಳ್ಳು ಹಾಸಿದ ತೆಳು ನೀರಿನಲ್ಲಿ ನಿಲ್ಲಿಸಿದರು. ಮೊಣಕಾಲಿಗಿಂತ ಕಡಿಮೆ ನೀರು, ಸೆಳೆತ ಜೋರು. ಅಂಗೈ ಅಗಲದ ಒಂದು ಕಲ್ಲನ್ನು ಎತ್ತಿ ತಿರುವಿ ಕಣ್ಣ ಮುಂದೆ ಹಿಡಿದರು. ಅಡಿಯಲ್ಲಿ ಮೂರು ಬಾಲದ ಚಪ್ಪಟೆ ಹುಳುಗಳು ಓಡಾಡುತ್ತಿದ್ದವು. ಪಕ್ಕದಲ್ಲಿ ಉಸುಕಿನ ಕಾಳುಗಳನ್ನೇ ಅಂಟಿಸಿ ಕಟ್ಟಿದ ಅಕ್ಕಿಕಾಳಿನಷ್ಟು ಕೊಳವೆ; ಉಗುರಿನಲ್ಲಿ ತಟ್ಟಿದರೆ ಒಳಗಿಂದ ಒಂದು ತಲೆ ಹೊರಗೆ ಬಂತು.

“ಇದು ಮೀನಿನ ಊಟ, ತಮ್ಮಾ. ಈ ಕಲ್ಲಿನ ಕೆಳಗ ಸಂದಿ ಇರಬೇಕು. ಸಂದ್ಯಾಗ ನೀರು ಆಡಬೇಕು. ಸಂದಿ ಮುಚ್ಚಿದ್ರ ಹುಳ ಇಲ್ಲ, ಹುಳ ಇಲ್ಲಂದ್ರ ಮೀನಿಲ್ಲ.”

“ಮುಚ್ಚೋದು ಹೆಂಗ ಕಾಕಾ?”

“ಮ್ಯಾಲೆ ಜಲ್ಲಡಿ ಹಿಡಿದು ಉಸುಕು ತೊಳಿತಾರಲ್ಲ, ಆ ರಾಡಿ ಎಲ್ಲಿಗೆ ಹೋಗತೈತಿ ಅಂದ್ಕೊಂಡಿ? ಇಲ್ಲೇ ಬಂದು ಕೂಡತೈತಿ.”

ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಬೇರೆ. ಆಗ ಓಟ ಜೋರಿರುತ್ತದೆ, ರಾಡಿ ಸಾಗಿ ಹೋಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಎಳೆಯಷ್ಟು ಹರಿಯುವ ನೀರಿಗೆ ರಾಡಿ ಬಿಟ್ಟರೆ ಅದಕ್ಕೆ ಸಾಗಿಸುವ ಶಕ್ತಿ ಇರುವುದಿಲ್ಲ. ಹಳ್ಳಿನ ಸಂದಿಗೆ ಗಿಲಾವು ಮಾಡಿದಂತೆ ಕೂರುತ್ತದೆ. ಅಲ್ಲಿ ಮೊಟ್ಟೆ ಇದ್ದರೆ ಉಸಿರುಗಟ್ಟಿ ಸಾಯುತ್ತದೆ.

ಎಲ್ಲ ಮೀನೂ ಹಳ್ಳಿನಲ್ಲಿ ಮೊಟ್ಟೆ ಇಡುವುದಿಲ್ಲ, ಇದನ್ನೂ ಹೇಳಬೇಕು. ರೋಹು, ಕಟ್ಲಾ, ಮೃಗಾಲ ಮಳೆಗಾಲದ ಹೊಸ ನೀರಿಗೆ ಎದುರಾಗಿ ಏರಿ, ನೀರು ಹರಡಿದ ತೆಳು ಜಾಗದಲ್ಲಿ ಮೊಟ್ಟೆ ಬಿಡುತ್ತವೆ. ಕೊರಮೀನು ಹುಲ್ಲು ಜೊಂಡಿನ ನಡುವೆ ಗೂಡು ಮಾಡಿ, ಮರಿ ದೊಡ್ಡದಾಗುವವರೆಗೆ ಗಂಡು ಹೆಣ್ಣು ಕಾವಲು ಕಾಯುತ್ತವೆ. ಬಾಳೆ ಮೀನಿಗೆ ಆಳದ ಮಡು ಬೇಕು, ಬೇಟೆಗೆ ದಂಡೆಯ ತೆಳು ನೀರೂ ಬೇಕು. ಹಳ್ಳಿನ ಮೇಲೆಯೇ ಬಾಳುವ ಬೆರಳುದ್ದದ ಮೀನುಗಳು ಬೇರೆ, ಕಲ್ಲಿಗೆ ಬಾಯಿ ಅಂಟಿಸಿಕೊಂಡು ಸೆಳವಿನಲ್ಲಿ ನಿಲ್ಲುತ್ತವೆ. ಅವನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಯಾರೂ ಎಣಿಸುವುದಿಲ್ಲ. ಒಂದೊಂದಕ್ಕೆ ಒಂದೊಂದು ಜಾಗ. ಹೊಳೆ ಅಂದರೆ ಮಡು, ಸೆಳವು, ದಿಬ್ಬ, ಕವಲು, ಜೊಂಡು ಎಲ್ಲ ಸೇರಿದ್ದು. ಹಿಟಾಚಿ ಎರಡು ಬೇಸಿಗೆ ಕೆಲಸ ಮಾಡಿದ ಮೇಲೆ ಅಲ್ಲಿ ಉಳಿಯುವುದು ಎರಡೇ: ನಿಂತ ನೀರಿನ ಗುಂಡಿ, ಒಣಗಿದ ಬಂಡೆ.

ನಿಂತ ನೀರಿನ ಗುಂಡಿ ಯಾರಿಗೆ ಹಬ್ಬ ಅಂದರೆ ಜಿಲೇಬಿ ಮೀನಿಗೆ. ಆಫ್ರಿಕಾದಿಂದ ಬಂದ ಮೀನು. ಕೆಸರಿನಲ್ಲಿ ತಟ್ಟೆಯಷ್ಟು ತಗ್ಗು ಮಾಡಿ ಮೊಟ್ಟೆ ಇಟ್ಟು, ಆಮೇಲೆ ಬಾಯಲ್ಲೇ ಹೊತ್ತು ಮರಿ ಮಾಡುತ್ತದೆ. ಸೆಳವು ಬೇಡ, ಹಳ್ಳು ಬೇಡ, ಹೊಸ ನೀರಿಗಾಗಿ ಕಾಯುವುದೂ ಬೇಡ. “ಬಲಿ ತುಂಬ ಬರ್ತಾವ, ಚೀಲ ತುಂಬ ಮಾರಿದ್ರೂ ಬಾಳೆ ಮೀನು ಎರಡು ಮಾರಿದಷ್ಟು ರೊಕ್ಕ ಆಗೂದಿಲ್ಲ” ಅನ್ನುತ್ತಾರೆ ಕಾಕಾ. ಮೀನು ಕಡಿಮೆಯಾಗಿಲ್ಲ, ನೋಡ್ರೀ ಬಲೆ ತುಂಬಿದೆ ಅನ್ನುವವರಿಗೆ ಇದೇ ಉತ್ತರ. ಉಸುಕು ಒಂದರಿಂದಲೇ ಹೀಗಾಯಿತು ಅಂತ ಅವರೂ ಹೇಳುವುದಿಲ್ಲ. ಡ್ಯಾಂ, ಅಣೆಗಳು ಏರುವ ದಾರಿ ಮೊದಲೇ ಕಟ್ಟಿವೆ. ಭತ್ತದ ಗದ್ದೆಯ ಔಷಧಿ ಹಳ್ಳದಿಂದ ಹೊಳೆಗೆ ಬರುತ್ತದೆ.

ಡ್ಯಾಂ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ಆಗಿನ ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಎರಡೂ ಕಡೆಯ ದಂಡೆ ಅದರಲ್ಲಿ ಬಂತು. ನೀರುನಾಯಿಗೆ ಅಂತ ಹೆಸರಿದ್ದರೂ ಅದರಿಂದ ಉಳಿಯುವುದು ಮೀನು, ಉಸುಕಿನಲ್ಲಿ ಮೊಟ್ಟೆ ಇಡುವ ಆಮೆ, ದಿಬ್ಬದ ಮೇಲೆ ಬರಿಗೂಡು ಮಾಡುವ ಹಕ್ಕಿ, ಎಲ್ಲ. ಈ ಸುದ್ದಿ ಹೇಳಿದಾಗ ಕಾಕಾಗೆ ಅಂಥ ಸಂತೋಷವೇನೂ ಆಗಲಿಲ್ಲ. “ನಾಯಿ ಬಲಿ ಹರೀತಾವ. ಅವಕ್ಕೊಂದು ಸಂರಕ್ಷಣೆ, ನಮಗೇನು?” ಅಂದರು. ಅವರ ಮಾತಿನಲ್ಲೂ ನ್ಯಾಯವಿದೆ.

ಇದೇ ಜಗಳ ಬೇರೆ ಕಡೆಯೂ ಇದೆ. ಕೆನಡಾದಲ್ಲಿ ಫ್ರೇಸರ್ ಅನ್ನುವ ದೊಡ್ಡ ಹೊಳೆ. ಗುಡ್ಡ ಇಳಿದು ಬಯಲಿಗೆ ಬರುವ ಕಡೆ ವರ್ಷವರ್ಷ ಹಳ್ಳು ತಂದು ಸುರಿಯುತ್ತದೆ. ಅಲ್ಲಿ ನಿಜವಾಗಿ ತುಂಬುತ್ತದೆ, ಮೇಲೆ ನಮ್ಮಂತೆ ಡ್ಯಾಂ ಅಡ್ಡ ಇಲ್ಲ. ಹಳ್ಳು ತೆಗೆದರೆ ಪ್ರವಾಹ ಇಳಿಯುತ್ತದೆ ಅಂತ ಒಂದು ಗುಂಪು, ಸಾಲ್ಮನ್ ಮೀನು ಮೊಟ್ಟೆ ಹೂಳುವುದೇ ಆ ಹಳ್ಳಿನಲ್ಲಿ ಅಂತ ಇನ್ನೊಂದು ಗುಂಪು. ಹೆಣ್ಣು ಸಾಲ್ಮನ್ ಬಾಲದಿಂದ ಹಳ್ಳು ಕೆದರಿ ತಗ್ಗು ಮಾಡಿ, ಮೊಟ್ಟೆ ಇಟ್ಟು, ಮತ್ತೆ ಹಳ್ಳು ಮುಚ್ಚುತ್ತದೆ. 2006ರಲ್ಲಿ ಹಳ್ಳು ಸಾಗಿಸಲು ಹೊಳೆಯ ಕವಲಿಗೆ ಅಡ್ಡಲಾಗಿ ಮಣ್ಣಿನ ದಾರಿ ಹಾಕಿದರು. ಕವಲಿನ ನೀರು ಬತ್ತಿ, ಹಳ್ಳಿನೊಳಗಿದ್ದ ಮರಿಗಳು ಲಕ್ಷಗಟ್ಟಲೆ ಸತ್ತವು. ಟ್ರ್ಯಾಕ್ಟರ್ ಆಚೆ ದಿಬ್ಬಕ್ಕೆ ಹೋಗಲಿ ಅಂತ ಪೈಪು ಕೂಡ ಇಡದೆ ಕವಲು ಮುಚ್ಚುವುದನ್ನು ನಮ್ಮ ಹೊಳೆಯಲ್ಲೂ ನೋಡಿದ್ದೇನೆ. ಎಷ್ಟು ಮರಿ ಸತ್ತವು ಅಂತ ಇಲ್ಲಿ ಯಾರೂ ಎಣಿಸಲಿಲ್ಲ.

ತೆಗೆಯಲೇಬಾರದು ಅನ್ನುವವನು ನಾನಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉದ್ದದ ಹೂಳು, ಜಾಲಿ ತೆಗೆಸಿದರು. ಜನ ತಾವೇ ರೊಕ್ಕ ಕೊಟ್ಟರು, ತಾವೇ ಬಂದು ದುಡಿದರು. ಅದು ಸರಿಯಾದ ಕೆಲಸ, ಏಕೆಂದರೆ ಅಲ್ಲಿ ನೀರಿನ ದಾರಿಯೇ ಮುಚ್ಚಿತ್ತು. ಬಳ್ಳಾರಿ ಜಾಲಿ ಹಳ್ಳದ ನಡುವೆ ಬೇರು ಬಿಟ್ಟರೆ ಒಂದೊಂದು ಬುಡವೂ ಮಣ್ಣು ಹಿಡಿದು ಒಂದೊಂದು ದಿಬ್ಬವಾಗುತ್ತದೆ. ಮಳೆ ನೀರು ದಾರಿ ಕಾಣದೆ ಹೊಲಕ್ಕೆ ತಿರುಗುತ್ತದೆ. ನಮ್ಮೂರ ಹಳ್ಳದ ಸಣ್ಣ ಸೇತುವೆಯ ಕಣ್ಣುಗಳೂ ಅರ್ಧ ಮುಚ್ಚಿವೆ. ಪ್ರತಿ ಮಳೆಗೆ ನೀರು ರಸ್ತೆ ಮೇಲೆ ಹತ್ತುತ್ತದೆ. ಅದನ್ನು ತೆಗೆಯಿರಿ ಅಂದರೆ ಯಾರೂ ಮುಂದೆ ಬರುವುದಿಲ್ಲ. ಅದು ಕರಿ ಮಣ್ಣು, ಜಾಲಿ ಬೇರು, ಪ್ಲಾಸ್ಟಿಕ್ಕು. ಮಾರಿದರೆ ಯಾರು ಕೊಳ್ಳುತ್ತಾರೆ? ಪ್ರವಾಹ ತಪ್ಪಿಸಲು ತೆಗೆಯಬೇಕಾದದ್ದಕ್ಕೆ ಬೆಲೆ ಇಲ್ಲ. ಬೆಲೆ ಇರುವುದನ್ನು ತೆಗೆಯಲು ಪ್ರವಾಹದ ನೆಪ.

2009ರ ಸೆಪ್ಟೆಂಬರ್ ಕೊನೆಯ ದಿನಗಳನ್ನು ನೆನೆಸಿಕೊಂಡರೆ ಈ ನೆಪ ಇನ್ನೂ ತೆಳುವಾಗುತ್ತದೆ. ನಮ್ಮ ಜಿಲ್ಲೆಗಳ ಮೇಲೆಯೇ ಮಳೆ ಕಿತ್ತು ಸುರಿಯಿತು, ಹಳ್ಳಕೊಳ್ಳ ಎಲ್ಲ ಒಟ್ಟಿಗೆ ಹೊಳೆಗೆ ಬಿದ್ದವು. ಕೆಳಗೆ ಮಂತ್ರಾಲಯ ಮುಳುಗಿತು, ಅಕ್ಟೋಬರ್ 2ರಂದು ಕರ್ನೂಲು ಪಟ್ಟಣದೊಳಗೆ ನೀರು ಬಂತು. ಅಂಥ ನೀರಿಗೆ ಗುಂಡಿ ಏನು, ದಿಬ್ಬ ಏನು. ಆಮೇಲೆ ದಂಡೆಯ ಊರುಗಳಿಗೆ ಎತ್ತರದಲ್ಲಿ ‘ಆಸರೆ’ ಯೋಜನೆಯ ಪುನರ್ವಸತಿ ಮನೆಗಳು ಬಂದವು. ಕೆಲವು ಮನೆಗಳಿಗೆ ವೈರಿಂಗ್ ಮಾಡಿದವರಲ್ಲಿ ನಾನೂ ಇದ್ದೆ. ಕೆಲವರು ಹೋದರು, ಕೆಲವರು ಹೊಲ ದೂರ ಆಗುತ್ತದೆ ಅಂತ ಹೋಗಲಿಲ್ಲ. ಊರು ಎತ್ತರಕ್ಕೆ ಹೋಗುವುದೇ ಪ್ರವಾಹಕ್ಕೆ ನಿಜವಾದ ಮದ್ದು ಅಂತ ನನ್ನ ಅಭಿಪ್ರಾಯ. ಅದು ಕಷ್ಟದ ಮದ್ದು, ಉಸುಕು ತೆಗೆಯುವಷ್ಟು ಸಲೀಸಲ್ಲ.

ಆ ಮನೆಗಳಿಗೂ ಇದೇ ಹೊಳೆಯ ಉಸುಕೇ ಬಿದ್ದಿದೆ, ಗೊತ್ತು. ಅಕ್ಕನ ಮಗ ಸಾಲ ಮಾಡಿ ಟ್ರ್ಯಾಕ್ಟರ್ ತಂದವನು. ಉಳುವ ಕೆಲಸ ವರ್ಷದಲ್ಲಿ ಕೆಲವೇ ದಿನ, ಕಂತು ಮಾತ್ರ ತಪ್ಪದೆ ಬರುತ್ತದೆ. “ಮಾವಾ, ನೀವು ಮೋಟಾರ್ ಕಟ್ಟತೀರಿ, ನಾ ಕಂತು ಕಟ್ಟಬ್ಯಾಡೇನು?” ಅಂತ ಕೇಳುತ್ತಾನೆ. ಅವನ ಟ್ರ್ಯಾಕ್ಟರ್‌ಗೆ ಬೇಕಾದಷ್ಟು ಉಸುಕು ಹೊಳೆ ಕೊಡಬಲ್ಲದು, ಸಲಿಕೆಯಿಂದ ತುಂಬುವ ಕಾಲದಲ್ಲಿ ಕೊಟ್ಟೇ ಇತ್ತು. ಸಲಿಕೆಗೆ ಸುಸ್ತಾಗುತ್ತದೆ, ಹಿಟಾಚಿಗೆ ಡೀಸೆಲ್ ಹಾಕಿದರೆ ಆಯಿತು.

ನಿಯಮಕ್ಕೇನೂ ಬರ ಇಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರ್‌ಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂದಿತು. ಕೇಂದ್ರದ 2016ರ ಮತ್ತು 2020ರ ಮಾರ್ಗಸೂಚಿಗಳಲ್ಲಿ ಆಳಕ್ಕೆ ಮಿತಿ ಇದೆ, ಮಳೆಗಾಲದಲ್ಲಿ ನಿಷೇಧ ಇದೆ, ಮಳೆಗಾಲದ ಮುಂಚೆ ಒಂದು ಸಲ, ನಂತರ ಒಂದು ಸಲ ತಳ ಅಳೆದು ಎಷ್ಟು ಹೊಸ ಉಸುಕು ಬಂತು ಅಂತ ಲೆಕ್ಕ ಹಾಕಿ, ಅದರೊಳಗೇ ತೆಗೆಯಬೇಕು ಅಂತಲೂ ಇದೆ. ನನಗೆ ಮುಖ್ಯ ಅನ್ನಿಸುವುದು ಈ ಕೊನೆಯ ಮಾತು. ಹೊಳೆಯ ನಡುಗೆರೆಯ ಆಚೆ ಇನ್ನೊಂದು ರಾಜ್ಯ ಇರುವಾಗ ಅಳೆಯುವವರು ಎರಡೂ ಕಡೆ ಅಳೆಯಬೇಕು. ನಾವು ಒಂದು ಬ್ರಾಸ್ ಬಿಟ್ಟರೆ ಅವರು ಎತ್ತುತ್ತಾರೆ, ಅವರು ಬಿಟ್ಟರೆ ನಾವು.

ಅದಕ್ಕೇ ಈ ಸಲ ನಾನು, ಕಾಕಾ ಮತ್ತೆ ಕೆಲವು ಪಂಪ್‌ಸೆಟ್ಟಿನವರು ಸೇರಿ ಒಂದು ಅರ್ಜಿ ಕೊಟ್ಟಿದ್ದೇವೆ. ಪ್ರವಾಹ ತಡೆಗೆ ಅಂತ ಉಸುಕು ತೆಗೆಯುವುದಾದರೆ ಮೊದಲು ಮೂರು ಕಾಗದ ಗ್ರಾಮಸಭೆಗೆ ತೋರಿಸಲಿ: ತಳದ ಅಳತೆ, ಹೊಸದಾಗಿ ಬಂದ ಉಸುಕಿನ ಲೆಕ್ಕ, ತೆಗೆದ ಮೇಲೆ ಪ್ರವಾಹದ ಮಟ್ಟ ಎಷ್ಟು ಇಂಚು ಇಳಿಯುತ್ತದೆ ಅನ್ನುವ ಲೆಕ್ಕ. ಜೊತೆಗೆ ಹಳ್ಳದ ಸೇತುವೆಯ ಕಣ್ಣು ಮಳೆಗಾಲದೊಳಗೆ ಬಿಡಿಸಲಿ, ಕವಲಿಗೆ ಅಡ್ಡ ದಾರಿ ಹಾಕುವುದನ್ನು ನಿಲ್ಲಿಸಲಿ. ಹೊಳೆಯಿಂದ ಕುಡಿಯುವ ನೀರೆತ್ತುವ ಬಾವಿ, ಜಾಕ್‌ವೆಲ್‌ನ ಗೋಡೆಯ ಮೇಲೆ ಬಣ್ಣದಲ್ಲಿ ಅಡಿಗುರುತು ಬರೆಯಲು ಒಪ್ಪಿಗೆಯನ್ನೂ ಕೇಳಿದ್ದೇವೆ. ಬಣ್ಣ ನನ್ನ ಅಂಗಡಿಯದು.

ದಂಡೆ ಊರಿನವರಲ್ಲಿ ಒಂದು ವಿನಂತಿ. ನಿಮ್ಮ ಪಂಪಿನ ಮಧ್ಯದಿಂದ ಬೇಸಿಗೆಯ ನೀರಿನ ಮಟ್ಟಕ್ಕೆ ನೆಟ್ಟಗೆ ಎಷ್ಟು ಅಡಿ ಇದೆ, ಟೇಪು ಹಿಡಿದು ಅಳೆಯಿರಿ. ಇಳಿಜಾರಿನ ಪೈಪಿನ ಉದ್ದ ಬೇಡ, ನೆಟ್ಟಗಿನ ಅಳತೆ ಬೇಕು. ಹಳೆಯ ಕಟ್ಟೆ ಉಳಿದಿದ್ದರೆ ಅದರಿಂದಲೂ ಅಳೆದು, ಆ ಕಟ್ಟೆ ಯಾವ ವರ್ಷ ಕಟ್ಟಿಸಿದ್ದು ಅಂತ ಬರೆದು ಕಳಿಸಿ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯವರೂ ಕಳಿಸಿದರೆ ಒಳ್ಳೆಯದು. 20 ಅಡಿ ದಾಟಿದ್ದರೆ ದಯವಿಟ್ಟು ದೊಡ್ಡ ಮೋಟಾರ್ ಕೊಳ್ಳಬೇಡಿ, ಮೊದಲು ಒಂದು ಫೋನ್ ಮಾಡಿ.